ಹಾಯುವ ಮುನ್ನ ದನ ಹೇಳುವ ಮಾತು

ಯಾರ ತಂಟೆಗೂ ಹೋಗದ ಮನುಷ್ಯನನ್ನು ನಾವು ‘ಹಸುವಿನಂಥವನು’ ಎನ್ನುತ್ತೇವೆ. ಸುಮ್ಮಸುಮ್ಮನೆ ಜಗಳ ತೆಗೆಯುವವನನ್ನು ಕಂಡರೆ ‘ಕಾಲು ಕೆರೆದುಕೊಂಡು ಬರುತ್ತಾನೆ’ ಎನ್ನುತ್ತೇವೆ. ಎರಡು ಮಾತೂ ಒಂದೇ ಕೊಟ್ಟಿಗೆಯಿಂದ ಬಂದವು. ಮೊದಲನೆಯದರಲ್ಲಿ ದನದ ಮೇಲೆ ನಮಗಿರುವ ಪ್ರೀತಿ ಇದೆ. ಎರಡನೆಯದರಲ್ಲಿ ದನವನ್ನು ಕಣ್ಣಿಟ್ಟು ನೋಡಿದವರ ತಿಳಿವಳಿಕೆ ಇದೆ. ಹೋರಿಯೊಂದು ತಲೆ ತಗ್ಗಿಸಿ, ಮುಂಗಾಲಿನಿಂದ ನೆಲ ಕೆರೆದು, ಮಣ್ಣನ್ನು ತನ್ನ ಬೆನ್ನ ಮೇಲೆಯೇ ಹಾರಿಸಿಕೊಳ್ಳುವುದನ್ನು ಕಂಡವರಿಗೆ ಮುಂದೇನಾಗುತ್ತದೆ ಎಂಬುದು ಗೊತ್ತಿತ್ತು. ಇಂದು ನಾನು ಹೇಳಬೇಕೆಂದಿರುವುದು ಆ ಎರಡನೆಯ ಮಾತಿನ ಪರವಾಗಿ. ದನ ಹಾಯುವುದು, ಗುಮ್ಮುವುದು, ಒದೆಯುವುದು ಬಹುಪಾಲು ಕಾರಣವಿದ್ದೇ ನಡೆಯುತ್ತದೆ. ಅದಕ್ಕೆ ಮುನ್ನ ಆ ಪ್ರಾಣಿ ತನ್ನ ಮೈಯಿಂದಲೇ ಸೂಚನೆ ಕೊಟ್ಟಿರುತ್ತದೆ. ದನ ಎಂದರೆ ಸಾಧು ಎಂದು ಮೊದಲೇ ತೀರ್ಮಾನಿಸಿ ಕುಳಿತವರಿಗೆ ಆ ಸೂಚನೆ ಕಾಣುವುದಿಲ್ಲ.

2019ರ ಜಾನುವಾರು ಗಣತಿಯ ಪ್ರಕಾರ ಕರ್ನಾಟಕದಲ್ಲಿ ದನಗಳೇ ಸುಮಾರು 84 ಲಕ್ಷ. ಎಮ್ಮೆ ಕೋಣಗಳು ಬೇರೆ. ಇಷ್ಟೊಂದು ಜೀವಗಳ ಜೊತೆ ದಿನಕ್ಕೆರಡು ಬಾರಿ ಮೈ ತಾಗಿಸಿ ಬದುಕುವ ನಾಡಿನಲ್ಲಿ ಕೊಂಬು ತಗುಲಿದ್ದನ್ನು, ಪಕ್ಕೆಲುಬು ಮುರಿದದ್ದನ್ನು ‘ಗ್ರಹಚಾರ’ ಎಂದು ಬಿಟ್ಟುಬಿಡುವ ರೂಢಿ ಇದೆ. ಗ್ರಹಚಾರ ಎಂದುಕೊಂಡರೆ ಕಾರಣ ಹುಡುಕುವ ಕೆಲಸ ಉಳಿಯುವುದಿಲ್ಲ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಈ ಕೆಲಸವನ್ನು ಒಮ್ಮೆ ಶ್ರದ್ಧೆಯಿಂದ ಮಾಡಿತು. ಅಯೋವಾ, ಕಾನ್ಸಾಸ್, ಮಿಸ್ಸೂರಿ, ನೆಬ್ರಾಸ್ಕ ಎಂಬ ನಾಲ್ಕು ರಾಜ್ಯಗಳಲ್ಲಿ 2003ರಿಂದ 2008ರವರೆಗೆ ದನಗಳಿಂದ ಸತ್ತ 21 ಜನರ ಪ್ರಕರಣಗಳನ್ನು ಒಂದೊಂದಾಗಿ ಬಿಡಿಸಿ ನೋಡಿತು. ಹತ್ತು ಸಾವುಗಳಿಗೆ ಗೂಳಿ ಕಾರಣವಾಗಿತ್ತು. ಆರು ಸಾವುಗಳು ಒಂಟಿ ಹಸುವಿನಿಂದಾದವು, ಇನ್ನೈದು ಒಂದಕ್ಕಿಂತ ಹೆಚ್ಚು ದನಗಳಿಂದಾದವು. ಸತ್ತವರಲ್ಲಿ ಮೂರರಲ್ಲಿ ಎರಡು ಪಾಲು ಮಂದಿ 60 ದಾಟಿದವರು. ಇಕ್ಕಟ್ಟಾದ ಜಾಗದಲ್ಲಿ ದನದ ಜೊತೆ ಕೆಲಸ ಮಾಡುವಾಗ, ದನ ಹೊಡೆದುಕೊಂಡು ಹೋಗುವಾಗ, ಗಾಡಿಗೆ ಹತ್ತಿಸುವಾಗ, ಮೇವು ಹಾಕುವಾಗ ಹೀಗೆ ದಿನನಿತ್ಯದ ಕೆಲಸಗಳ ನಡುವೆಯೇ ಹೆಚ್ಚಿನ ಸಾವುಗಳು ಸಂಭವಿಸಿದ್ದವು. ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಇನ್ನೊಂದು ಅಂಶ: ಮೂರನೆಯ ಒಂದು ಪಾಲು ಸಾವುಗಳಿಗೆ ಕಾರಣವಾದ ದನಗಳು ಅದಕ್ಕೆ ಮೊದಲೂ ಆಕ್ರಮಣದ ಸ್ವಭಾವ ತೋರಿಸಿದ್ದವು. ಸೂಚನೆ ಸಿಕ್ಕಿತ್ತು. ಆಮೇಲೂ ಅವುಗಳ ಹತ್ತಿರ ಹೋಗುವ ರೀತಿ ಬದಲಾಗಿರಲಿಲ್ಲ.

ಸೂಚನೆ ಅರ್ಥವಾಗಬೇಕಾದರೆ ದನಕ್ಕೆ ಲೋಕ ಹೇಗೆ ಕಾಣುತ್ತದೆ ಎಂಬುದನ್ನು ತಿಳಿಯಬೇಕು. ದನದ ಕಣ್ಣು ತಲೆಯ ಎರಡು ಬದಿಗಿದೆ. ಹಾಗಾಗಿ ಅದಕ್ಕೆ ಸುತ್ತಲಿನ 360 ಡಿಗ್ರಿಯಲ್ಲಿ ಸುಮಾರು 330 ಡಿಗ್ರಿ ಕಾಣುತ್ತದೆ. ಕಾಣದೆ ಉಳಿಯುವುದು ನೇರ ಬೆನ್ನ ಹಿಂದಿನ ಒಂದು ತುಂಡು ಜಾಗ ಮಾತ್ರ, ಮತ್ತು ನಾವು ಹಟ್ಟಿಗೆ ಹೋದಾಗ ಸಗಣಿ ಬಾಚಲು ನಿಲ್ಲುವುದು ಅದೇ ಜಾಗದಲ್ಲಿ. ಇಷ್ಟು ಅಗಲಕ್ಕೆ ನೋಡುವ ಕಣ್ಣಿಗೆ ದೂರ ಎಷ್ಟು, ಆಳ ಎಷ್ಟು ಎಂದು ಅಳೆಯುವ ಶಕ್ತಿ ಕಡಿಮೆ. ನೆಲದ ಮೇಲಿನ ನೆರಳು, ನೀರು ನಿಂತ ಗುಂಡಿ, ಹೊಸದಾಗಿ ಬಿದ್ದಿರುವ ಹಗ್ಗ ಕಂಡು ಎತ್ತು ಗಕ್ಕನೆ ನಿಂತುಬಿಡುವುದು ಇದಕ್ಕೇ. ಮೊಂಡುತನ ಎಂದು ನಾವು ಬೈಯುತ್ತೇವೆ. ಬಿಸಿಲಿನಿಂದ ಕತ್ತಲೆಯ ಕೊಟ್ಟಿಗೆಗೆ ಬಂದಾಗ ಕಣ್ಣು ಹೊಂದಿಕೊಳ್ಳಲು ಅದಕ್ಕೆ ನಮಗಿಂತ ಹೆಚ್ಚು ಹೊತ್ತು ಬೇಕು. ಕಿವಿಯಂತೂ ನಮಗಿಂತ ಸೂಕ್ಷ್ಮ: ಮನುಷ್ಯನಿಗೆ 20,000 ಹರ್ಟ್ಸ್‌ವರೆಗಿನ ಸದ್ದು ಕೇಳಿಸಿದರೆ ದನಕ್ಕೆ 35,000ದವರೆಗೂ ಕೇಳುತ್ತದೆ. ಕೀರಲು ಕಿರುಚಾಟ, ಕಬ್ಬಿಣದ ಗೇಟು ಬಡಿದ ಸದ್ದು, ಸೀಟಿ ಇವೆಲ್ಲ ಅದಕ್ಕೆ ನಮಗಿಂತ ಹೆಚ್ಚು ಚುಚ್ಚುತ್ತವೆ. ದಿನಾ ಮೇವು ಹಾಕುವವರೇ ಮಳೆಯಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ಬಂದಾಗ, ಅಥವಾ ಮುಖದ ಮುಂದೆ ಫಕ್ಕನೆ ಕೊಡೆ ಬಿಚ್ಚಿದಾಗ ದನ ಬೆದರಿ ಹಗ್ಗ ಹರಿಯುವುದರಲ್ಲಿ ಆಶ್ಚರ್ಯವಿಲ್ಲ. ಅದರ ಪಾಲಿಗೆ ಅಲ್ಲಿ ಬಂದಿರುವುದು ಬೇರೆಯೇ ಆಕಾರ. ಇನ್ನು ಕೆಂಪು ಬಟ್ಟೆ ಕಂಡರೆ ಗೂಳಿ ಕೆರಳುತ್ತದೆ ಎಂಬ ನಂಬಿಕೆ. ಬಣ್ಣ ಗುರುತಿಸುವ ಕೋಶಗಳು ನಮ್ಮ ಕಣ್ಣಿನಲ್ಲಿ ಮೂರು ಬಗೆ, ದನದ ಕಣ್ಣಿನಲ್ಲಿ ಎರಡೇ ಬಗೆ. ಕೆಂಪನ್ನು ಅದು ನಮ್ಮಂತೆ ಕಾಣುವುದಿಲ್ಲ. ಬಟ್ಟೆಯ ಬೀಸಾಟಕ್ಕೆ ಅದು ಕೆರಳುತ್ತದೆ. ಕೆಂಪು ಉಟ್ಟಿಲ್ಲ ಎಂಬ ಧೈರ್ಯದಲ್ಲಿ ಗೂಳಿಯ ಮುಂದೆ ಕೈ ಬೀಸುವವರು ಇದನ್ನು ನೆನಪಿಡಬೇಕು.

ಪ್ರತಿ ದನಕ್ಕೂ ತನ್ನ ಸುತ್ತ ಇಷ್ಟು ಜಾಗ ತನ್ನದು ಎಂಬ ಒಂದು ಅದೃಶ್ಯ ಗೆರೆ ಇರುತ್ತದೆ. ಪಳಗಿದ ಹಸುವಿಗೆ ಆ ಗೆರೆ ಮೈಗೆ ಅಂಟಿಕೊಂಡಂತೆಯೇ ಇರಬಹುದು. ಕಾವಲಿನಲ್ಲಿ ಮೇಯ್ದು ಬೆಳೆದ ಹೋರಿಗೆ ಹತ್ತಾರು ಮಾರು ಇರಬಹುದು. ಗೆರೆಯೊಳಗೆ ಯಾರಾದರೂ ಕಾಲಿಟ್ಟರೆ ಅದು ಸರಿದು ಹೋಗುತ್ತದೆ. ಸರಿಯಲು ದಾರಿಯೇ ಇಲ್ಲದಿದ್ದರೆ, ಹಿಂದೆ ಗೋಡೆ, ಪಕ್ಕದಲ್ಲಿ ಗೋದಲಿ, ಕೊರಳಲ್ಲಿ ಹಗ್ಗ ಇದ್ದರೆ, ಅದು ಬಂದವರ ಮೇಲೆಯೇ ತಿರುಗುತ್ತದೆ. ದನಗಳ ಸ್ವಭಾವವನ್ನು ದಶಕಗಳ ಕಾಲ ಅಭ್ಯಾಸ ಮಾಡಿದ ಅಮೆರಿಕದ ಪ್ರಾಣಿವಿಜ್ಞಾನಿ ಟೆಂಪಲ್ ಗ್ರಾಂಡಿನ್ ಈ ಗೆರೆಯ ಲೆಕ್ಕಾಚಾರವನ್ನು ಕೆಲಸದವರಿಗೆಲ್ಲ ಕಲಿಸಿದರು. ದನದ ಭುಜವೇ ತಕ್ಕಡಿಯ ಮುಳ್ಳು ಎಂದುಕೊಳ್ಳಿ: ಭುಜದ ಹಿಂದೆ ನಿಂತು ಒತ್ತಿದರೆ ಅದು ಮುಂದೆ ಹೋಗುತ್ತದೆ, ಭುಜದ ಮುಂದೆ ನಿಂತರೆ ಹಿಂದೆ ಸರಿಯುತ್ತದೆ. ಇಷ್ಟು ತಿಳಿದವರಿಗೆ ಕೋಲಿನ ಅಗತ್ಯ ಅರ್ಧಕ್ಕರ್ಧ ಇಳಿಯುತ್ತದೆ. ಒದೆತದ ವಿಷಯದಲ್ಲಿ ಮಾತ್ರ ಒಂದು ಎಚ್ಚರ. ಕುದುರೆ ನೇರ ಹಿಂದಕ್ಕೆ ಝಾಡಿಸುತ್ತದೆ. ಹಸುವಿನ ಹಿಂಗಾಲು ಮುಂದಕ್ಕೆ ಬಂದು ಪಕ್ಕಕ್ಕೆ ಬೀಸಿಕೊಂಡು ಹೋಗುತ್ತದೆ. ಹಾಗಾಗಿ ಹಸುವಿನ ಪಕ್ಕದಲ್ಲಿ, ಹಿಂದೊಡೆಯ ಹತ್ತಿರ ನಿಂತವರಿಗೂ ಏಟು ತಪ್ಪಿದ್ದಲ್ಲ. ಮೊದಲು ದನಿ ಕೇಳಿಸಿ, ಭುಜದ ಕಡೆಯಿಂದ ಹತ್ತಿರ ಹೋಗಿ, ಕೈಯನ್ನು ಬೆನ್ನ ಮೇಲಿಟ್ಟು, ಅಲ್ಲಿಂದ ಸವರುತ್ತ ಕೆಚ್ಚಲಿನತ್ತ ಬರುವ ಹಳೆಯ ಹಾಲುಕರೆಯುವವರ ಪದ್ಧತಿಗೆ ಇದಕ್ಕಿಂತ ಒಳ್ಳೆಯ ಪರ್ಯಾಯ ಇನ್ನೂ ಬಂದಿಲ್ಲ.

ಗೂಳಿಯ ವಿಷಯವನ್ನು ಬೇರೆಯಾಗಿಯೇ ನೋಡಬೇಕು. ಗೂಳಿ ನೇರ ಎದುರು ನುಗ್ಗುವುದು ಕೊನೆಯ ಹಂತ. ಅದಕ್ಕೂ ಮೊದಲು ಅದು ನಮಗೆ ಅಡ್ಡಲಾಗಿ ನಿಂತು ತನ್ನ ಮೈಯ ಪೂರ್ತಿ ಉದ್ದವನ್ನು ತೋರಿಸುತ್ತದೆ. ಕತ್ತು ಬಾಗುತ್ತದೆ, ಬೆನ್ನು ಉಬ್ಬುತ್ತದೆ, ಬೆನ್ನ ಮೇಲಿನ ಕೂದಲು ನಿಮಿರುತ್ತದೆ, ಕಣ್ಣು ಗುಡ್ಡೆ ಹೊರಗೆ ಬಂದಂತೆ ಕಾಣುತ್ತದೆ. ನಾನು ಎಷ್ಟು ದೊಡ್ಡವನು ನೋಡು ಎಂದು ಇನ್ನೊಂದು ಗೂಳಿಗೆ ಹೇಳುವ ಭಾಷೆ ಅದು. ಎದುರಿನ ಗೂಳಿ ಆ ಭಾಷೆ ಬಲ್ಲದು. ಕಾದಾಡುವ ಮನಸ್ಸಿಲ್ಲದಿದ್ದರೆ ತಲೆ ತಗ್ಗಿಸಿ ದೂರ ಸರಿಯುತ್ತದೆ. ಮನುಷ್ಯ ಮಾತ್ರ ‘ಸುಮ್ಮನೆ ಅಡ್ಡ ನಿಂತಿದೆ’ ಎಂದುಕೊಂಡು ಇನ್ನೂ ನಾಲ್ಕು ಹೆಜ್ಜೆ ಮುಂದೆ ಹಾಕುತ್ತಾನೆ. ಆಮೇಲೆ ಗುಟುರು, ಬುಸುಗುಡುವುದು, ನೆಲ ಕೆರೆಯುವುದು, ಮಣ್ಣಿಗೆ ಕೊಂಬು ಉಜ್ಜುವುದು. ಅಷ್ಟರ ಮೇಲೂ ಅಲ್ಲೇ ನಿಂತರೆ ಅದು ಸವಾಲನ್ನು ಒಪ್ಪಿಕೊಂಡಂತೆ. ಕೃತಕ ಗರ್ಭಧಾರಣೆ ಹಳ್ಳಿ ಹಳ್ಳಿಗೆ ಬಂದ ಮೇಲೆ ಬೀಜದ ಹೋರಿ ಸಾಕುವವರು ಕಡಿಮೆಯಾದರು. ತಳಿ ಸುಧಾರಣೆಗೆ ಅದು ಲಾಭವೇ. ಆದರೆ ಗೂಳಿಯನ್ನು ದಿನಾ ಕಂಡು ಅದರ ನಿಲುವಿನಿಂದಲೇ ಮನಸ್ಸು ಅಳೆಯುತ್ತಿದ್ದ ಒಂದು ತಲೆಮಾರಿನ ಅರಿವೂ ಅದರೊಂದಿಗೇ ಕರಗುತ್ತಿದೆ. ಈಗಿನ ಎಷ್ಟೋ ಮಕ್ಕಳು ಕಾಣುವ ಗೂಳಿ ಎಂದರೆ ದೇವರಿಗೆಂದು ಬಿಟ್ಟ ಬಸವ, ಅದೂ ಹಣ್ಣು ಕೊಟ್ಟು ಹಣೆ ಮುಟ್ಟಿ ನಮಸ್ಕರಿಸುವ ಸಂದರ್ಭದಲ್ಲಿ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ‘ಕರುವಿದ್ದಾಗಿನಿಂದ ನಾವೇ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದೇವೆ, ಮನೆಮಗನ ಹಾಗಿದೆ, ಅದು ನಮ್ಮನ್ನು ಹಾಯುತ್ತದೆಯೇ?’ ಆಕ್ಷೇಪದ ಹಿಂದಿನ ಅಕ್ಕರೆ ನಿಜ. ಅಪಾಯ ಇರುವುದೂ ಅಲ್ಲಿಯೇ. ಬೇರೆ ಕರುಗಳ ಜೊತೆ ಬೆಳೆಯದೆ ಮನುಷ್ಯರ ನಡುವೆ ಒಂಟಿಯಾಗಿ ಬೆಳೆದ ಗಂಡುಕರು ತಾನು ದನ ಎಂಬುದನ್ನೇ ಸರಿಯಾಗಿ ಕಲಿತಿರುವುದಿಲ್ಲ. ಮನುಷ್ಯರೇ ಅದರ ಹಿಂಡು. ಎರಡು ವರ್ಷ ತುಂಬಿ ಮೈಯಲ್ಲಿ ಗಂಡಸುತನ ಏರಿದಾಗ ಹಿಂಡಿನಲ್ಲಿ ಯಾರು ಮೇಲು ಎಂಬ ಪರೀಕ್ಷೆಗೆ ಅದು ಇಳಿಯುತ್ತದೆ, ಮತ್ತು ಎದುರಾಳಿಯಾಗಿ ಆರಿಸಿಕೊಳ್ಳುವುದು ತನಗೆ ಹಾಲು ಕುಡಿಸಿದವರನ್ನೇ. ಇಂಥ ಹೋರಿಗಳು ಗುಂಪಿನಲ್ಲಿ ಬೆಳೆದವುಗಳಿಗಿಂತ ಮನುಷ್ಯರ ಮೇಲೆ ಹೆಚ್ಚಾಗಿ ಏರಿಬರುವುದನ್ನು ಅಧ್ಯಯನಗಳೂ ತೋರಿಸಿವೆ. ಪುಟ್ಟ ಕರುವಿನ ಹಣೆಗೆ ಅಂಗೈ ಒತ್ತಿ ಗುಮ್ಮಾಟ ಆಡಿಸುವ ಮಕ್ಕಳನ್ನು ಎಲ್ಲ ಹಳ್ಳಿಗಳಲ್ಲೂ ಕಾಣಬಹುದು. ನೋಡಲು ಚೆಂದ. ಆ ಆಟವನ್ನು ದಯವಿಟ್ಟು ನಿಲ್ಲಿಸಿ. ಇಪ್ಪತ್ತು ಕಿಲೋ ತೂಗುವಾಗ ಕಲಿತದ್ದನ್ನು ಅದು ನಾನೂರು ಕಿಲೋ ತೂಗುವಾಗ ಮರೆಯುವುದಿಲ್ಲ.

ಹಸುವಿನ ಕೋಪಕ್ಕೆ ಮೂಲ ಬಹುತೇಕ ಒಂದೇ, ಅದು ಕರು. ಪುಣ್ಯಕೋಟಿಯ ಕಥೆ ಕೇಳಿ ಬೆಳೆದವರು ನಾವು. ಆ ಕಥೆಯಲ್ಲಿ ಸತ್ಯವಾಕ್ಯದ ಜೊತೆಗೆ ಕರುವಿನ ಮೇಲಿನ ತಾಯಿಯ ಹಂಬಲವೂ ಇದೆ ಎಂಬುದನ್ನು ಮರೆಯಬಾರದು. ಈದ ಹಸುವಿನಲ್ಲಿ ಅದೇ ಹಂಬಲ ಕೊಂಬಿಗೆ ಇಳಿಯುತ್ತದೆ. ಈದ ಮೊದಲ ಕೆಲವು ದಿನ, ವರ್ಷಗಟ್ಟಲೆ ತಲೆ ತಗ್ಗಿಸಿ ಹಾಲು ಕೊಟ್ಟ ಹಸುವೂ ಬೇರೆಯಾಗಿರುತ್ತದೆ. ತಾಯಿ ಮತ್ತು ಕರುವಿನ ನಡುವೆ ನುಸುಳುವುದು, ಕರುವನ್ನು ಎತ್ತಿಕೊಂಡು ಬೆನ್ನು ತಿರುಗಿಸಿ ನಡೆಯುವುದು, ಅದು ‘ಅಂಬಾ’ ಎನ್ನುವ ಹಾಗೆ ಕಿವಿ ಹಿಡಿದು ಎಳೆಯುವುದು ಇವು ಅಪಾಯದ ಕೆಲಸಗಳು. ಕರುವನ್ನು ಸರಿಸಲೇಬೇಕಾದರೆ ಮೊದಲು ತಾಯಿಯನ್ನು ಕಟ್ಟಿ, ಅದಕ್ಕೆ ಕರು ಕಾಣುತ್ತಲೇ ಇರುವಂತೆ ಸರಿಸಬೇಕು. ನಾಯಿ ಜೊತೆಗಿದ್ದರಂತೂ ಕಷ್ಟ ಇಮ್ಮಡಿ, ಏಕೆಂದರೆ ಹಸುವಿನ ಕಣ್ಣಿಗೆ ನಾಯಿ ಕರುವಿನ ಶತ್ರು. ಬ್ರಿಟನ್ನಿನ ಗೃಹಸಚಿವರಾಗಿದ್ದ ಡೇವಿಡ್ ಬ್ಲಂಕೆಟ್ ಹುಟ್ಟು ಅಂಧರು. 2009ರಲ್ಲಿ ಅವರು ದಾರಿ ತೋರಿಸುವ ನಾಯಿಯೊಂದಿಗೆ ಹುಲ್ಲುಗಾವಲಿನಲ್ಲಿ ನಡೆಯುತ್ತಿದ್ದಾಗ ಹಸುವೊಂದು ನುಗ್ಗಿ ಕೆಡವಿ ಅವರ ಪಕ್ಕೆಲುಬು ಮುರಿಯಿತು. ಇಂಥ ಹೊತ್ತಿನಲ್ಲಿ ನಾಯಿಯ ಹಗ್ಗವನ್ನು ಕೈಬಿಡಬೇಕು ಎಂಬುದು ಅಲ್ಲಿನವರು ಹೇಳುವ ಬುದ್ಧಿಮಾತು. ನಾಯಿ ಓಡಿ ತಪ್ಪಿಸಿಕೊಳ್ಳುತ್ತದೆ. ಹಸು ಅಟ್ಟುವುದು ಅದನ್ನು. ಕರು ಇರುವ ಬೀದಿ ಹಸುವಿನ ಪಕ್ಕದಿಂದ ಸಾಕುನಾಯಿಯನ್ನು ಎಳೆದುಕೊಂಡು ಹೋಗುವ ಬೆಂಗಳೂರಿಗರಿಗೂ ಇದು ಅನ್ವಯಿಸುತ್ತದೆ.

‘ಇವೆಲ್ಲ ಹೊರದೇಶದ ಲೆಕ್ಕ, ನಮ್ಮ ದನ ಹಾಗಲ್ಲ’ ಎನ್ನುವವರಿದ್ದಾರೆ. ಅರ್ಧ ಸರಿ. ಅಲ್ಲಿ ನೂರಾರು ದನ ಬಯಲಲ್ಲಿ ಬೆಳೆಯುತ್ತವೆ, ಮನುಷ್ಯರ ಕೈ ತಾಗುವುದೇ ಅಪರೂಪ; ಇಲ್ಲಿ ಎರಡೋ ಮೂರೋ ದನ, ಮೂಗುದಾರ, ದಿನಾ ಮೈ ತೊಳೆಯುವ ಕೈ. ಅದರಿಂದ ಅಪಾಯ ಖಂಡಿತ ತಗ್ಗುತ್ತದೆ. ಆದರೆ ರಕ್ತದ ಗುಣ ಎಂಬುದೊಂದಿದೆ. ಗಿರ್, ಓಂಗೋಲ್, ನಮ್ಮದೇ ಕೃಷ್ಣಾ ಕಣಿವೆಯಂಥ ತಳಿಗಳಿಂದ ಅಮೆರಿಕದಲ್ಲಿ ಕಟ್ಟಿದ ಬ್ರಾಹ್ಮನ್ ತಳಿಯ ದನಗಳು ಯುರೋಪಿನ ತಳಿಗಳಿಗಿಂತ ಬೇಗ ಬೆದರುತ್ತವೆ, ಬೇಗ ಉದ್ವೇಗಗೊಳ್ಳುತ್ತವೆ ಎಂದು ಅಲ್ಲಿನ ತಜ್ಞರೇ ಹೇಳುತ್ತಾರೆ. ಮೈಸೂರು ಅರಸರ ‘ಬೆಣ್ಣೆ ಚಾವಡಿ’ ಎಂಬ ದನಗಳ ಇಲಾಖೆಯಲ್ಲಿ ಬೆಳೆದು, ಟಿಪ್ಪುವಿನ ಕಾಲದಲ್ಲಿ ಹೆಸರು ಪಡೆದು, ಸೈನ್ಯದ ತೋಪು ಎಳೆದ ಅಮೃತಮಹಲ್ ದನಗಳನ್ನು ಕಾವಲುಗಳಲ್ಲಿ ಅರೆಗಾಡಾಗಿಯೇ ಬೆಳೆಸುತ್ತಿದ್ದರು. ಅವುಗಳ ಬಿರುಸನ್ನೇ ನೆಚ್ಚಿ ಸೈನ್ಯ ಕಟ್ಟಿದ ನಾಡು, ಆ ಬಿರುಸು ತನ್ನ ದನಕ್ಕಿಲ್ಲ ಎನ್ನಲಾಗದು. ಇತ್ತ ಮಿಶ್ರತಳಿಯ ಹಸುಗಳ ಮನೆಗಳಲ್ಲಿ ಹುಟ್ಟುವ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಹೋರಿಗಳ ಕಥೆ ಇನ್ನೊಂದು: ಹಾಲಿನ ತಳಿಯ ಗೂಳಿಗಳು ಲೋಕದೆಲ್ಲೆಡೆ ಅತ್ಯಂತ ಅಪಾಯಕಾರಿ ಎಂದು ಹೆಸರಾದವು.

‘ಹಾಗಿದ್ದರೆ ನಾಲ್ಕು ಬಾರಿಸಿ ಹದ್ದುಬಸ್ತಿನಲ್ಲಿಡಬೇಕು’ ಎಂಬ ತೀರ್ಮಾನಕ್ಕೆ ಬರುವವರಿಗೆ ಉತ್ತರ ಸುಲಭ. ದನ ಮನುಷ್ಯರನ್ನು ಒಬ್ಬೊಬ್ಬರಾಗಿ ಗುರುತಿಡುತ್ತದೆ. ಒರಟಾಗಿ ನಡೆಸಿಕೊಂಡವರು ಹತ್ತಿರ ಬಂದರೆ ಹಿಂದೆ ಸರಿಯುತ್ತದೆ, ಕಾಲು ಝಾಡಿಸುತ್ತದೆ. ಅಂಥವರು ಎದುರಿಗಿದ್ದರೆ ಹಾಲನ್ನೂ ಪೂರ್ತಿ ಇಳಿಸುವುದಿಲ್ಲ. ಆಸ್ಟ್ರೇಲಿಯಾದ ಪಾಲ್ ಹೆಮ್ಸ್‌ವರ್ತ್ ಮತ್ತು ಜೊತೆಗಾರರ ಅಧ್ಯಯನಗಳಲ್ಲಿ ಹಸುಗಳಿಗೆ ಮನುಷ್ಯರ ಭಯ ಹೆಚ್ಚಿದ್ದ ಕಡೆ ಹಾಲಿನ ಇಳುವರಿ ಕಡಿಮೆ ಇದ್ದದ್ದು ಕಂಡಿದೆ. ಏಟು ಭಯವನ್ನು ಬಿತ್ತುತ್ತದೆ. ಮೂಲೆಗೆ ಸಿಕ್ಕಿದ ಭಯ ಹಾಯುತ್ತದೆ.

ಈ ಭಯವನ್ನು ನಾವು ವರ್ಷಕ್ಕೊಮ್ಮೆ ಕೈಯಾರೆ ಉಂಟುಮಾಡುವ ದಿನವೂ ಇದೆ. ಬಲಿಪಾಡ್ಯಮಿಯಂದು ಗೋಪೂಜೆ. ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಹೂವು, ಬಲೂನು, ಗೆಜ್ಜೆ ಕಟ್ಟಿ, ಕಣ್ಣಿಗೆ ಹತ್ತಿರ ಆರತಿ ಎತ್ತುತ್ತೇವೆ. ಅದೇ ಹೊತ್ತಿಗೆ ಬೀದಿಯಲ್ಲಿ ಪಟಾಕಿ. ಗೌರವ ನಮ್ಮ ಮನಸ್ಸಿನಲ್ಲಿದೆ. ದನಕ್ಕೆ ಸಿಗುವುದು ಹೊಸ ವಾಸನೆ, ಹೊಸ ಆಕಾರ, ಕಿವಿ ಒಡೆಯುವ ಸದ್ದು, ತಪ್ಪಿಸಿಕೊಳ್ಳಲಾಗದ ಜನಸಂದಣಿ. ಪೂಜೆ ಬಿಡಿ ಎಂದು ನಾನು ಹೇಳುತ್ತಿಲ್ಲ. ಪಟಾಕಿ ಹತ್ತಿಸುವ ಮುನ್ನ ಬೆಳಿಗ್ಗೆಯೇ ಪೂಜೆ ಮುಗಿಸಿ, ಮಕ್ಕಳನ್ನು ಮುಂದೆ ನೂಕದೆ, ದನಕ್ಕೆ ಗೊತ್ತಿರುವವರೇ ಹತ್ತಿರ ನಿಂತು ಮಾಡಿದರೆ ಪುಣ್ಯಕ್ಕೇನೂ ಕೊರತೆಯಾಗದು. ಹಾವೇರಿ, ಶಿವಮೊಗ್ಗ ಸೀಮೆಯ ಹೋರಿ ಹಬ್ಬದ್ದು ಇನ್ನೂ ಗಂಭೀರ ವಿಷಯ. ಜಲ್ಲಿಕಟ್ಟು, ಕಂಬಳಗಳಿಗೆ ಅವಕಾಶ ಕೊಟ್ಟ ರಾಜ್ಯಗಳ ಕಾಯಿದೆಗಳನ್ನು ಸುಪ್ರೀಂ ಕೋರ್ಟು 2023ರ ಮೇ ತಿಂಗಳಲ್ಲಿ ಎತ್ತಿಹಿಡಿದಿದೆ. ಸಂಪ್ರದಾಯದ ಹಕ್ಕಿನ ಚರ್ಚೆ ಅಲ್ಲಿಗೆ ಮುಗಿದಿರಬಹುದು. ಕೊಬ್ಬರಿ ಸರ ಕಟ್ಟಿಕೊಂಡು ಬೆದರಿ ಓಡುವ ಹೋರಿಯ ದಾರಿಯ ಅಂಚಿನಲ್ಲಿ ಬರೀ ನೋಡಲು ನಿಂತವರು ಕೊಂಬಿಗೆ ಸಿಕ್ಕಿ ಸಾಯುತ್ತಿರುವುದು ಮುಗಿದಿಲ್ಲ. ಗಟ್ಟಿ ತಡೆಬೇಲಿ ಇಲ್ಲದ ಕಡೆ ಹೋರಿ ಬಿಡಬಾರದು. ಇದರಲ್ಲಿ ರಾಜಿ ಸಲ್ಲದು.

ಎಲ್ಲ ಕೋಪವೂ ಸ್ವಭಾವದ್ದಲ್ಲ, ಕಾಯಿಲೆಯದೂ ಇರುತ್ತದೆ. ಈದು ಕೆಲ ವಾರಗಳಾದ, ಹೆಚ್ಚು ಹಾಲು ಕೊಡುವ ಹಸು ಇದ್ದಕ್ಕಿದ್ದಂತೆ ಗೋಡೆ ನೆಕ್ಕುತ್ತ, ತೂರಾಡುತ್ತ, ಮೈಮೇಲೆ ಬರತೊಡಗಿದರೆ ಅದು ಕೀಟೋಸಿಸ್ ಆಗಿರಬಹುದು; ಚಿಕಿತ್ಸೆ ಇದೆ. ಇನ್ನೊಂದು ಸಾಧ್ಯತೆ ಹುಚ್ಚುನಾಯಿ ಕಡಿತದ್ದು, ರೇಬಿಸ್. ರೇಬಿಸ್ ಬಂದ ದನ ಕರ್ಕಶವಾಗಿ ಕೂಗುತ್ತದೆ, ಜೊಲ್ಲು ಸುರಿಸುತ್ತದೆ, ನುಂಗಲಾಗದೆ ಒದ್ದಾಡುತ್ತದೆ. ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಎಂದು ಮನೆಯವರು ಬಾಯಿಗೆ ಕೈ ಹಾಕುತ್ತಾರೆ. ಕೈಯಲ್ಲಿ ಒಂದು ತರಚು ಗಾಯವಿದ್ದರೂ ಸಾಕು, ರೋಗ ಮನುಷ್ಯನಿಗೆ ದಾಟಬಹುದು. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ತೀರಾ ವಿರಳ. ಜೊಲ್ಲು ಸುರಿಸಿ ಕೂಗುವ ದನದ ಬಾಯಿಗೆ ಕೈ ಹಾಕಬೇಡಿ. ಪಶುವೈದ್ಯರನ್ನು ಕರೆಯಿರಿ, 1962 ಸಹಾಯವಾಣಿಗೆ ಫೋನು ಮಾಡಿ. ಈಗಾಗಲೇ ಮುಟ್ಟಿದ್ದರೆ ಸೋಪು ಹಚ್ಚಿ ನೀರಿನಲ್ಲಿ ಚೆನ್ನಾಗಿ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ತೆಗೆದುಕೊಳ್ಳಿ.

ದನ ಏರಿಬಂದೇಬಿಟ್ಟರೆ? ಬೆನ್ನು ತಿರುಗಿಸಿ ಓಡಿದರೆ ಅದು ಅಟ್ಟುತ್ತದೆ, ಮತ್ತು ಓಟದಲ್ಲಿ ನಾವು ಅದಕ್ಕೆ ಸಮವಲ್ಲ. ಗೂಳಿ ಇನ್ನೂ ಅಡ್ಡ ನಿಂತು ಹೆದರಿಸುತ್ತಿರುವಾಗಲೇ ಅದರ ಮೇಲೆ ಕಣ್ಣಿಟ್ಟು, ಸದ್ದು ಮಾಡದೆ, 20 ಅಡಿಯಷ್ಟಾದರೂ ಹಿಂದೆ ಹಿಂದೆ ಸರಿದುಕೊಳ್ಳಬೇಕು. ನುಗ್ಗಿಯೇ ಬಂದರೆ ಟವೆಲ್ಲೋ ಟೋಪಿಯೋ ಪಕ್ಕಕ್ಕೆ ಎಸೆದು, ಮರ, ಗಾಡಿ, ಬೇಲಿ ಯಾವುದು ಹತ್ತಿರವೋ ಅದರ ಹಿಂದೆ ಸೇರಬೇಕು. ಕೊಟ್ಟಿಗೆಗೆ ಎರಡು ಬಾಗಿಲಿರಬೇಕೆಂಬುದು, ಗೋಡೆಗೂ ದನಕ್ಕೂ ನಡುವೆ ಸಿಕ್ಕಿಬೀಳಬಾರದೆಂಬುದು ಇದಕ್ಕೇ. ಇನ್ನೊಂದು ಸಣ್ಣ ಸಂಗತಿ, ಎಷ್ಟೋ ಬೆರಳುಗಳನ್ನು ಉಳಿಸುವಂಥದು: ದನ ಹಿಡಿದುಕೊಂಡು ಹೋಗುವಾಗ ಹಗ್ಗವನ್ನು ಮುಂಗೈಗಾಗಲಿ ಸೊಂಟಕ್ಕಾಗಲಿ ಸುತ್ತಿಕೊಳ್ಳಬೇಡಿ. ಬೆದರಿದ ಎತ್ತು ಎಳೆದರೆ ಆ ಸುತ್ತು ಬಿಚ್ಚುವುದಿಲ್ಲ.

ದನ ಕೊಳ್ಳುವಾಗ ಸುಳಿ ನೋಡುವ ರೂಢಿ ನಮ್ಮಲ್ಲಿ ಬಹಳ ಹಳೆಯದು. ಘಾಟಿ ಸುಬ್ರಹ್ಮಣ್ಯದ ಜಾತ್ರೆಯಲ್ಲೂ ಸಿದ್ಧಗಂಗೆಯ ಜಾತ್ರೆಯಲ್ಲೂ ಹೋರಿಯ ಹಣೆ, ಬೆನ್ನು ಸವರಿ ಸುಳಿ ಹುಡುಕುತ್ತಾರೆ. ಟೆಂಪಲ್ ಗ್ರಾಂಡಿನ್ ಮತ್ತು ಜೊತೆಗಾರರು 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಣೆಯ ಸುಳಿ ಕಣ್ಣಿಗಿಂತ ಮೇಲಿರುವ ದನಗಳು ಕಟ್ಟಿನಲ್ಲಿ ಹಿಡಿದಾಗ ಹೆಚ್ಚು ಒದ್ದಾಡಿದವು ಎಂಬುದು ಕಂಡಿತು. ನಮ್ಮ ಹಿರಿಯರು ಸುಳಿಯಲ್ಲಿ ಯಜಮಾನನ ಅದೃಷ್ಟವನ್ನು ಓದುತ್ತಿದ್ದರು, ಆಕೆ ಪ್ರಾಣಿಯ ಮನಸ್ಸನ್ನು ಓದಲು ನೋಡಿದರು. ಸುಳಿಯೊಂದರಿಂದಲೇ ಸ್ವಭಾವ ತೀರ್ಮಾನವಾಗುವುದಿಲ್ಲ. ಸುಳಿಗಿಂತ ಖಚಿತವಾದದ್ದು ಆ ದನದ ಹಿಂದಿನ ನಡತೆ. ಅದನ್ನೇ ನಾವು ಮುಚ್ಚಿಡುತ್ತೇವೆ. ಮಾರುವವರು ಬೆಲೆ ಬೀಳುತ್ತದೆಂದು ಹೇಳುವುದಿಲ್ಲ. ಇಂಜೆಕ್ಷನ್ ಕೊಡಲು ಬಂದ ಪಶುವೈದ್ಯರಿಗೆ ಮರೆತು ಹೇಳುವುದಿಲ್ಲ. ನಾಲ್ಕು ದಿನ ಹಾಲು ಕರೆಯಲು ಬಂದ ಪಕ್ಕದ ಮನೆಯವರಿಗೆ ಸಂಕೋಚದಿಂದ ಹೇಳುವುದಿಲ್ಲ. ನಿಮ್ಮ ಕೊಟ್ಟಿಗೆಯಲ್ಲಿ ಒಮ್ಮೆಯಾದರೂ ಮನುಷ್ಯರನ್ನು ಹಾಯ್ದ, ಒದ್ದ ದನ ಇದ್ದರೆ, ಅದರ ಹಗ್ಗವನ್ನು ಇನ್ನೊಬ್ಬರ ಕೈಗೆ ಕೊಡುವ ಮುನ್ನ ಆ ಮಾತನ್ನು ಬಾಯಿಬಿಟ್ಟು ಹೇಳಿ.